ಭಾಗ 4: ಲಿಫ್ಟ್ ಕಿಟ್ ಕ್ಯಾನ್ಸಲ್

ಸ್ಪಿತಿ ಟ್ರಿಪ್‌ಗೆ ಮಾವನ ಏಳು ಸೀಟಿನ ಗಾಡಿ ರೆಡಿ ಮಾಡ್ತಿದ್ದೀವಿ ಅಂದಿದ್ನಲ್ಲ? ಟ್ಯೂಷನ್ ಹೇಳಿ ಉಳಿಸಿದ ದುಡ್ಡಲ್ಲಿ ಎರಡಿಂಚು ಲಿಫ್ಟ್ ಕಿಟ್ ಹಾಕಿಸೋದು ನನ್ನ ಪ್ಲಾನ್. ಫೋಟೋದಲ್ಲಿ ಗಾಡಿ ಎತ್ತರ ಕಾಣ್ಬೇಕು, ಅಷ್ಟೇ.

ಮೆಕ್ಯಾನಿಕ್ ಅಣ್ಣ ಗಾಡಿ ಎತ್ತಿ ತೋರಿಸಿದ್ರು. ಹಿಂದಿನ ಶಾಕ್ ಅಬ್ಸಾರ್ಬರ್ ಸೋರ್ತಿತ್ತು. ಬುಷ್‌ಗಳು ಬಿರುಕು ಬಿಟ್ಟಿದ್ವು. ಬ್ರೇಕ್ ಆಯಿಲ್ ಡಿಕಾಕ್ಷನ್ ಥರ ಕಪ್ಪು. “ಇದನ್ನ ಬದಲಾಯಿಸಿ ಎಷ್ಟು ವರ್ಷ ಆಯ್ತು ಸಾರ್?” ಮಾವ ಸುಮ್ಮನಾದ್ರು.

ನಂಗೆ ಹೋದ ವರ್ಷದ ಚಾರ್ಮಾಡಿ ಘಾಟಿ ನೆನಪಾಯ್ತು. ಇಳಿಯುವಾಗ ಮಾವ ಮೆಲ್ಲಗೆ, “ಪೆಡಲ್ ಮೆತ್ತಗಾಗಿದೆ ಕಣೋ” ಅಂದಿದ್ರು. ಹಿಂದಿನ ಸೀಟಲ್ಲಿ ಅಮ್ಮ ನಿದ್ದೆ ಮಾಡ್ತಿದ್ರು. ನಾನು ರೀಲ್ ತೆಗೀತಿದ್ದೆ.

ವಿಷ್ಯ ಇಷ್ಟು: ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ. ನೀರು ಸೇರ್ತಾ ಸೇರ್ತಾ ಆ ಮಿತಿ 155ರ ಹತ್ರಕ್ಕೂ ಇಳಿಯಬಹುದು. ಆಯಿಲ್ ಕುದಿದು ಆವಿಯಾದ್ರೆ ಪೆಡಲ್ ಒತ್ತಿದ್ರೂ ಬ್ರೇಕ್ ಹಿಡಿಯಲ್ಲ. 4,551 ಮೀಟರ್ ಎತ್ತರದ ಕುಂಜುಮ್ ಪಾಸ್‌ನಿಂದ ಲಗೇಜ್ ತುಂಬ್ಕೊಂಡು ಇಳಿಯುವಾಗ ಹಾಗಾದ್ರೆ?

ಲಿಫ್ಟ್ ಕಿಟ್ ದುಡ್ಡು ಶಾಕ್, ಬುಷ್, ಬ್ರೇಕ್ ಪ್ಯಾಡ್, ಆಯಿಲ್‌ಗೆ ಹೋಯ್ತು. ಹೊರಗಿಂದ ಗಾಡಿ ಹಾಗೇ ಇದೆ, ಫೋಟೋಗೆ ಏನೂ ಇಲ್ಲ.

ನೀವೂ ಘಾಟಿಗೆ ಹೊರಡೋ ಮುಂಚೆ ಮನೇಲಿ ಬ್ರೇಕ್ ಆಯಿಲ್ ಬಗ್ಗೆ ಒಂದ್ಸಲ ಕೇಳಿ. ಇಳಿಜಾರಲ್ಲಿ ಗೇರ್ ಇಳಿಸಿ, ಬ್ರೇಕ್ ಮೇಲೇ ಕಾಲಿಟ್ಕೊಂಡು ಹೋಗ್ಬೇಡಿ.

ಅವತ್ತಿನ ಪೆಡಲ್ ವಿಷ್ಯ ಅಮ್ಮಂಗೆ ಇನ್ನೂ ಹೇಳಿಲ್ಲ.