ಎಲ್ಲೆ ಕಟ್ಟಿಕೊಂಡ ಊರು



ಅಮೆರಿಕೆಯ ಅನುಭವಗಳನ್ನು ಬರೆಯಿರೆಂದು ಹಳೆಯ ವಿದ್ಯಾರ್ಥಿಗಳು ಹಲವರು ಒತ್ತಾಯಿಸುತ್ತಲೇ ಇದ್ದಾರೆ. ನಯಾಗರಾ ಜಲಪಾತವನ್ನೂ ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನೂ ಕುರಿತು ಬರೆದವರು ಬಹಳ ಮಂದಿಯಿದ್ದಾರೆ. ನಾನು ಅವೆರಡನ್ನೂ ನೋಡಿದವನಲ್ಲ. ಎರಡು ಬಾರಿ ಹೋಗಿ ಆರಾರು ತಿಂಗಳು ಇದ್ದು ಬಂದದ್ದು ಆ ದೇಶದ ಪಶ್ಚಿಮ ಅಂಚಿನ ಆರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ನಗರಕ್ಕೆ ಹೊಂದಿಕೊಂಡ ಹಿಲ್ಸ್‌ಬರೋ ಎಂಬಲ್ಲಿ. ಮಗಳು ಅಳಿಯ ಅಲ್ಲಿ ವಾಸವಾಗಿದ್ದಾರೆ. ಪೋರ್ಟ್‌ಲ್ಯಾಂಡ್ ಅಮೆರಿಕೆಯ ಲೆಕ್ಕದಲ್ಲಿ ಮಧ್ಯಮ ಗಾತ್ರದ ಊರು. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 6.52 ಲಕ್ಷ; ನಮ್ಮ ಮೈಸೂರಿಗಿಂತ ಚಿಕ್ಕದು. ನಲವತ್ತು ವರ್ಷಗಳ ಹಿಂದೆ, 1980ರಲ್ಲಿ, ಅದು 3.66 ಲಕ್ಷವಿತ್ತು. ಇಷ್ಟು ಬೆಳೆದ ಊರು ತನ್ನ ಸುತ್ತಲಿನ ಹೊಲಗದ್ದೆಗಳನ್ನು ನುಂಗದೆ ಹೇಗೆ ಉಳಿಯಿತು, ಹಾಗೆ ಉಳಿದುದರ ಬೆಲೆಯನ್ನು ಯಾರು ತೆತ್ತರು ಎಂಬುದೇ ಇಂದಿನ ಬರಹದ ವಿಷಯ.

ಸಮಾಜ ವಿಜ್ಞಾನದ ಮೇಷ್ಟ್ರ ಚಾಳಿ ನಿಮಗೆ ಗೊತ್ತೇ ಇದೆ, ಮೊದಲು ಊರಿನ ಪೂರ್ವೋತ್ತರ ಹೇಳದೆ ಮುಂದಕ್ಕೆ ಹೋಗುವುದಿಲ್ಲ. ವಿಲ್ಲಾಮೆಟ್ ಎಂಬ ನದಿ ಮಹಾನದಿಯಾದ ಕೊಲಂಬಿಯಾವನ್ನು ಸೇರುವುದಕ್ಕೆ ಸ್ವಲ್ಪ ಮುಂಚೆ, ಅದರ ಎರಡೂ ದಡಗಳಲ್ಲಿ ಈ ಊರು ಹರಡಿಕೊಂಡಿದೆ. 1845ರಲ್ಲಿ ಇಲ್ಲಿನ ಜಮೀನಿನ ಒಡೆಯರಿಬ್ಬರಿಗೆ ಊರಿಗೆ ಏನು ಹೆಸರಿಡಬೇಕೆಂಬ ಚರ್ಚೆ ಬಂತು. ಒಬ್ಬರು ಬಾಸ್ಟನ್ ಕಡೆಯವರು, ಇನ್ನೊಬ್ಬರು ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್ ಕಡೆಯವರು. ಒಂದು ತಾಮ್ರದ ಕಾಸನ್ನು ಮೂರು ಸಲ ಚಿಮ್ಮಿಸಿ ನೋಡಿದರಂತೆ, ಎರಡನೆಯವರು ಗೆದ್ದರು. ಇಲ್ಲದಿದ್ದರೆ ನಾನೀಗ ಎರಡನೆಯ ಬಾಸ್ಟನ್ನಿನ ಕಥೆ ಹೇಳಬೇಕಾಗುತ್ತಿತ್ತು. ಬೀದಿಗಳ ನಡುವಿನ ಚೌಕಗಳನ್ನು ಬಹಳ ಚಿಕ್ಕದಾಗಿ, ಇನ್ನೂರು ಅಡಿಗೆ ಒಂದರಂತೆ ಅಳೆದುಬಿಟ್ಟರು. ಹಾಗಾಗಿ ನನ್ನಂಥ ಮಂಡಿನೋವಿನ ಮುದುಕರೂ ನಡೆದೇ ಸುತ್ತಬಹುದಾದ ಊರು ಅದು.

ಇನ್ನು ಎಲ್ಲೆಯ ವಿಚಾರ. ನಮ್ಮಲ್ಲಿ ಗ್ರಾಮಠಾಣಾ ಎಂಬುದೊಂದು ಉಂಟು. ಕಂದಾಯದ ನಕ್ಷೆಯಲ್ಲಿ ಊರ ಸುತ್ತ ಒಂದು ಗೆರೆ. ಒಳಗೆ ಮನೆ ಕಟ್ಟಬಹುದು, ಹೊರಗಿರುವುದು ಬೇಸಾಯದ ಭೂಮಿ. ಪೋರ್ಟ್‌ಲ್ಯಾಂಡಿನವರು ಒಂದು ಇಡೀ ಮಹಾನಗರ ಪ್ರದೇಶಕ್ಕೆ, ಇಪ್ಪತ್ತಕ್ಕೂ ಹೆಚ್ಚು ಊರುಗಳನ್ನು ಸೇರಿಸಿ, ಇಂಥದೇ ಒಂದು ಗೆರೆ ಎಳೆದಿದ್ದಾರೆ. ಅದರ ಹೆಸರು ನಗರ ಬೆಳವಣಿಗೆಯ ಎಲ್ಲೆ. ಹಿಲ್ಸ್‌ಬರೋದ ಅಂಚಿನಲ್ಲಿ ಬೆಳಿಗ್ಗೆ ನಡೆದಾಡುವಾಗ ಈ ಗೆರೆ ಕಣ್ಣಿಗೇ ಕಾಣುತ್ತದೆ. ರಸ್ತೆಯ ಒಂದು ಪಕ್ಕದಲ್ಲಿ ಒತ್ತೊತ್ತಾಗಿ ಮನೆಗಳು, ಇನ್ನೊಂದು ಪಕ್ಕದಲ್ಲಿ ಹುಲ್ಲಿನ ಬೀಜಕ್ಕಾಗಿ ಬೆಳೆದ ಹೊಲ, ಅದರಾಚೆ ಸಾಲು ಹಿಡಿದು ನಿಂತ ಹೇಜಲ್‌ನಟ್ ಮರಗಳು. ಅಮೆರಿಕದಲ್ಲಿ ಬೆಳೆಯುವ ಹೇಜಲ್‌ನಟ್ ಹೆಚ್ಚು ಕಡಿಮೆ ಎಲ್ಲವೂ ಈ ವಿಲ್ಲಾಮೆಟ್ ಕಣಿವೆಯದೇ. ನಡುವೆ ಖಾಲಿ ಸೈಟುಗಳಿಲ್ಲ, ಮಾರಾಟದ ಫಲಕಗಳಿಲ್ಲ, ಕಲ್ಲು ನೆಟ್ಟು ಪಾಳುಬಿಟ್ಟ ಬಡಾವಣೆಗಳಿಲ್ಲ. ಊರು ಮುಗಿಯಿತು, ಹೊಲ ಮೊದಲಾಯಿತು, ಅಷ್ಟೆ.

ಇದು ತಾನಾಗಿ ಆದುದಲ್ಲ. 1960ರ ದಶಕದಲ್ಲಿ ಆ ಕಣಿವೆಯ ಫಲವತ್ತಾದ ಮಣ್ಣಿನ ಮೇಲೆ ಮನೆಗಳು ಅಣಬೆಯಂತೆ ಏಳತೊಡಗಿದಾಗ ಮೊದಲು ಕೂಗೆತ್ತಿದವರಲ್ಲಿ ಒಬ್ಬರು ಹೆಕ್ಟರ್ ಮ್ಯಾಕ್‌ಫರ್ಸನ್ ಎಂಬ ಹೈನುಗಾರಿಕೆಯ ರೈತರು. ಪಕ್ಕದ ಹೊಲ ಬಡಾವಣೆಯಾದರೆ ಗೊಬ್ಬರದ ವಾಸನೆಗೂ ಟ್ರ್ಯಾಕ್ಟರಿನ ಸದ್ದಿಗೂ ದೂರು ಬರುತ್ತದೆ, ತೆರಿಗೆ ಏರುತ್ತದೆ, ಕೊನೆಗೆ ಉಳುವವನೇ ಜಾಗ ಬಿಡಬೇಕಾಗುತ್ತದೆ. ಅವರು ರಾಜ್ಯದ ಸೆನೆಟ್ಟಿಗೆ ಆಯ್ಕೆಯಾಗಿ ಬಂದು ಒಂದು ಮಸೂದೆಯನ್ನು ರೂಪಿಸಲು ಮುಂದಾದರು. ಗವರ್ನರ್ ಟಾಮ್ ಮೆಕಾಲ್, ಮೊದಲು ಪತ್ರಕರ್ತರಾಗಿದ್ದವರು, ಅದಕ್ಕೆ ಬೆನ್ನೆಲುಬಾಗಿ ನಿಂತರು. 1973ರಲ್ಲಿ ಸೆನೆಟ್ ಮಸೂದೆ 100 ಕಾನೂನಾಯಿತು. ರಾಜ್ಯದ ಪ್ರತಿಯೊಂದು ಪಟ್ಟಣವೂ ತನ್ನ ಬೆಳವಣಿಗೆಗೆ ಒಂದು ಎಲ್ಲೆಯನ್ನು ಗುರುತಿಸಬೇಕಾಯಿತು. ಪೋರ್ಟ್‌ಲ್ಯಾಂಡ್ ಪ್ರದೇಶಕ್ಕೆ 1979ರಲ್ಲಿ ಗೆರೆ ಬಿತ್ತು. ಅದನ್ನು ಕಾಯುವ ಸಂಸ್ಥೆಯ ಹೆಸರು ಮೆಟ್ರೋ. ರೈಲಲ್ಲ, ಜನರೇ ಮತ ಹಾಕಿ ಆರಿಸುವ ಪ್ರಾದೇಶಿಕ ಸರ್ಕಾರ. ಮುಂದಿನ ಇಪ್ಪತ್ತು ವರ್ಷಗಳ ವಸತಿಗೆ ಬೇಕಾಗುವಷ್ಟು ಜಾಗ ಗೆರೆಯೊಳಗೆ ಇದೆಯೇ ಎಂದು ಆರು ವರ್ಷಗಳಿಗೊಮ್ಮೆ ಅದು ಲೆಕ್ಕ ಹಾಕಬೇಕು. ಸಾಲದಿದ್ದರೆ ಗೆರೆ ಹಿಗ್ಗುತ್ತದೆ. 2018ರಲ್ಲಿ ಹಾಗೆ ಸುಮಾರು 2,200 ಎಕರೆಯನ್ನು ಒಳಗೆ ಸೇರಿಸಿಕೊಂಡರು. ಆದ್ದರಿಂದ ಅದು ಲಕ್ಷ್ಮಣರೇಖೆಯಲ್ಲ. ಆದರೆ ದಾಟಬೇಕಾದರೆ ಎಲ್ಲರ ಎದುರಿಗೆ ದಾಟಬೇಕು.

ಈ ಕಾನೂನನ್ನು ಕಿತ್ತೊಗೆಯಲು 1976, 1978 ಮತ್ತು 1982ರಲ್ಲಿ ಮೂರು ಬಾರಿ ಜನಮತ ನಡೆದು, ಮೂರು ಬಾರಿಯೂ ಕಾನೂನೇ ಗೆದ್ದಿತು. ಕೊನೆಯ ಬಾರಿ ಮೆಕಾಲ್ ಅವರು ಕ್ಯಾನ್ಸರಿನಿಂದ ಸಾಯುತ್ತಿದ್ದಾಗಲೂ ಊರೂರು ಸುತ್ತಿ ಅದರ ಪರವಾಗಿ ಮಾತನಾಡಿದರು. ಗೆದ್ದ ಎರಡು ತಿಂಗಳಿಗೆ, 1983ರ ಜನವರಿಯಲ್ಲಿ, ತೀರಿಕೊಂಡರು.

ಹೊರಕ್ಕೆ ಹರಡುವಂತಿಲ್ಲವೆಂದಾಗ ಊರು ತನ್ನ ಒಳಗನ್ನು ನೋಡಿಕೊಳ್ಳಬೇಕಾಗುತ್ತದೆ. ಆ ಕೆಲಸ ಗೆರೆ ಬೀಳುವುದಕ್ಕೆ ಮುಂಚೆಯೇ ಆರಂಭವಾಗಿತ್ತು. ಆಗ್ನೇಯ ಭಾಗದ ಸಾವಿರಕ್ಕೂ ಹೆಚ್ಚು ಮನೆಗಳನ್ನು ಕೆಡವಿ ಮೌಂಟ್ ಹುಡ್ ಹೆದ್ದಾರಿ ಮಾಡುವ ಯೋಜನೆಯಿತ್ತು. 1974ರಲ್ಲಿ ಅದನ್ನು ಕೈಬಿಟ್ಟು, ಅದಕ್ಕೆಂದು ಬಂದ ಕೇಂದ್ರದ ಹಣದ ದೊಡ್ಡ ಪಾಲನ್ನು ಸಾರ್ವಜನಿಕ ಸಾರಿಗೆಗೆ ತಿರುಗಿಸಿಕೊಂಡರು. ಅದೇ ವರ್ಷ ನದೀತೀರದ ಒಂದು ದೊಡ್ಡ ರಸ್ತೆಯನ್ನು ಮುಚ್ಚಿದರು. ಅಲ್ಲೀಗ ಉದ್ಯಾನವಿದೆ, ಅದಕ್ಕೆ ಮೆಕಾಲ್ ಅವರದೇ ಹೆಸರು. ಮ್ಯಾಕ್ಸ್ ಎಂಬ ಲಘು ರೈಲು 1986ರಲ್ಲಿ ಪೂರ್ವದ ಗ್ರೇಷಮ್‌ನಿಂದ ಓಡತೊಡಗಿ, 1998ರಲ್ಲಿ ಹಿಲ್ಸ್‌ಬರೋ ಮುಟ್ಟಿತು. ಆ ಹಾದಿ ಪಶ್ಚಿಮದ ಗುಡ್ಡಗಳನ್ನು ಸುರಂಗದಲ್ಲಿ ದಾಟುತ್ತದೆ. ನಡುವೆ ವಾಷಿಂಗ್ಟನ್ ಪಾರ್ಕ್ ಎಂಬ ನಿಲ್ದಾಣ ನೆಲದಿಂದ 260 ಅಡಿ ಕೆಳಗಿದೆ. ಗುಡ್ಡವನ್ನು ಕೊರೆದಾಗ ಸಿಕ್ಕ ಕಲ್ಲುಮಣ್ಣಿನ ಕಂಬವನ್ನು ಅಲ್ಲಿಯೇ ಗೋಡೆಯುದ್ದಕ್ಕೂ ಗಾಜಿನೊಳಗೆ ಮಲಗಿಸಿಟ್ಟಿದ್ದಾರೆ. ಒಂದೂವರೆ ಕೋಟಿ ವರ್ಷಗಳ ಭೂಚರಿತ್ರೆಯನ್ನು ರೈಲಿಗೆ ಕಾಯುತ್ತಾ ಓದಬಹುದು. ಇಂಥದೊಂದು ನನ್ನ ತರಗತಿಯಲ್ಲಿ ಇದ್ದಿದ್ದರೆ ಎಂದು ಪ್ರತಿ ಸಲವೂ ಆಸೆಯಾಗುತ್ತಿತ್ತು.

ಊರ ನಡುವಿನ ಚೌಕವೂ ಹಾಗೆಯೇ. ಅಲ್ಲಿ 1858ರಲ್ಲಿ ಒಂದು ಶಾಲೆಯಿತ್ತು. ಆಮೇಲೆ ಅದೇ ಜಾಗದಲ್ಲಿ ದೊಡ್ಡ ಹೋಟೆಲೊಂದು ಬಂತು. 1951ರಲ್ಲಿ ಅದನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದರು. 1984ರಲ್ಲಿ ಆ ನಿಲುಗಡೆಯನ್ನೂ ತೆಗೆದು, ಜನ ಸುಮ್ಮನೆ ಬಂದು ಕುಳಿತುಕೊಳ್ಳಲೆಂದು ಇಟ್ಟಿಗೆಯ ಅಂಗಳ ಕಟ್ಟಿದರು. ಹಣ ಕೊಟ್ಟ ಸಾಮಾನ್ಯರ ಹೆಸರುಗಳು ಆ ಇಟ್ಟಿಗೆಗಳ ಮೇಲಿವೆ. ಹೊಸ ಕಟ್ಟಡಕ್ಕಾಗಿ ಅಂಗಳವನ್ನು ಕಳೆದುಕೊಂಡ ಊರುಗಳನ್ನು ಬಹಳ ಕಂಡಿದ್ದೇನೆ. ಕಾರುಗಳನ್ನು ಎಬ್ಬಿಸಿ ಅಂಗಳ ಪಡೆದ ಊರನ್ನು ಕಂಡದ್ದು ಅಲ್ಲಿ ಮಾತ್ರ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಇದು ಹೊಗಳುಭಟ್ಟನ ಬರಹವಾದೀತು. ಗೆರೆಗೆ ಬೆಲೆಯುಂಟು.

ನಗರದ ಪಶ್ಚಿಮದ ಗುಡ್ಡಗಳಲ್ಲಿ ಡೊರೊತಿ ಇಂಗ್ಲಿಷ್ ಎಂಬಾಕೆ 1953ರಲ್ಲಿ ಪತಿಯೊಡನೆ ಜಮೀನು ಕೊಂಡಿದ್ದರು. ಅದನ್ನು ಪಾಲು ಮಾಡಿ ಮನೆಯವರಿಗೆ ಕೊಡುವ ಆಸೆ. ಬಳಿಕ ಬಂದ ನಿಯಮಗಳು ಅದಕ್ಕೆ ಅಡ್ಡಬಂದವು. ತೊಂಬತ್ತು ದಾಟಿದ ಆಕೆಯ ದನಿಯೇ 2004ರ ಜನಮತದ ಪ್ರಚಾರವಾಯಿತು. ನಿಯಮದಿಂದ ಭೂಮಿಯ ಬೆಲೆ ಇಳಿದರೆ ಪರಿಹಾರ ಕೊಡಿ, ಇಲ್ಲವೇ ನಿಯಮ ಬಿಡಿ ಎಂದ ಆ ಪ್ರಸ್ತಾಪವನ್ನು ಜನ ಒಪ್ಪಿದರು. ಸಾವಿರಾರು ಅರ್ಜಿಗಳು ಬಂದುದನ್ನು ಕಂಡು ಬೆದರಿದ ಅದೇ ಜನ 2007ರಲ್ಲಿ ಅದನ್ನು ಬಹಳಷ್ಟು ಮೊಟಕುಗೊಳಿಸಿದರು. ಡೊರೊತಿ ಅವರು 2008ರಲ್ಲಿ ತೀರಿಕೊಂಡರು. ಗೆರೆಯ ಒಳಗೆ ಬಿದ್ದವನ ಭೂಮಿ ಚಿನ್ನ, ಹೊರಗೆ ಬಿದ್ದವನದು ಮಣ್ಣು. ಮಣ್ಣು ಮಣ್ಣಾಗಿಯೇ ಉಳಿಯಲೆಂಬುದು ಊರಿಗೆಲ್ಲ ಒಳ್ಳೆಯದಿರಬಹುದು. ಹೊರಗೆ ಬಿದ್ದವನ ಸಂಕಟ ಸುಳ್ಳಲ್ಲ.

ಒಳಗಿರುವವರ ಕಷ್ಟ ಬೇರೆ. ನನ್ನ ಮಗಳೂ ಅಳಿಯನೂ ಮನೆ ಕೊಳ್ಳಲು ಹುಡುಕಾಡಿದ ದಿನಗಳನ್ನು ಕಣ್ಣಾರೆ ಕಂಡೆ. ಇಬ್ಬರೂ ದುಡಿಯುವವರು, ಆದರೂ ನೋಡಿದ ಮನೆಗಳೆಲ್ಲ ಕೈಗೆಟುಕದೆ ಹೋದವು. ನಾನು ಒಮ್ಮೆ ಹೊಲಗಳನ್ನು ಹೊಗಳುತ್ತಿದ್ದಾಗ ಅಳಿಯ ನಗುತ್ತಲೇ, "ಮಾವ, ಆ ಗೆರೆ ರೈತರನ್ನು ಕಾಯುತ್ತೆ ಸರಿ. ಬಾಡಿಗೆ ಕಟ್ಟೋರನ್ನು ಕಾಯೋರು ಯಾರು?" ಎಂದರು. ಮನೆಯ ಬೆಲೆ ಏರಿದ್ದಕ್ಕೆ ಗೆರೆಯ ಪಾಲೆಷ್ಟು, ಊರಿಗೆ ಬಂದ ಉದ್ಯೋಗಗಳ ಪಾಲೆಷ್ಟು, ಮನೆಗಳನ್ನು ಕಟ್ಟದೇ ಇದ್ದುದರ ಪಾಲೆಷ್ಟು ಎಂದು ಅರ್ಥಶಾಸ್ತ್ರಜ್ಞರು ಇನ್ನೂ ವಾದಿಸುತ್ತಿದ್ದಾರೆ. ಆದರೆ ಅಳಿಯನ ಪ್ರಶ್ನೆಗೆ ಆ ರಾಜ್ಯವೂ ತಡವಾಗಿಯಾದರೂ ಕಿವಿಗೊಟ್ಟಿತು. ಹೊರಕ್ಕೆ ಬೆಳೆಯಬೇಡಿ ಎಂದ ಮೇಲೆ ಒಳಗೆ ಬೆಳೆಯಲು ಬಿಡಬೇಕಲ್ಲ! ಬಹುಪಾಲು ಬೀದಿಗಳಲ್ಲಿ ಒಂದು ನಿವೇಶನಕ್ಕೆ ಒಂದೇ ಮನೆ ಎಂಬ ಕಟ್ಟಳೆಯಿತ್ತು. 2019ರಲ್ಲಿ ರಾಜ್ಯವು ಅದನ್ನು ಸಡಿಲಿಸುವ ಕಾನೂನು ಮಾಡಿತು. 2021ರಿಂದ ಪೋರ್ಟ್‌ಲ್ಯಾಂಡಿನ ಹೆಚ್ಚಿನ ಬಡಾವಣೆಗಳಲ್ಲಿ ನಾಲ್ಕು ಮನೆಗಳವರೆಗೆ ಕಟ್ಟಬಹುದು.

ಎಲ್ಲಕ್ಕಿಂತ ಹೆಚ್ಚು ಬೆಲೆ ತೆತ್ತವರು ಆಲ್ಬೈನಾದ ಕಪ್ಪು ಜನ. ಆರೆಗಾನಿನ ಸಂವಿಧಾನದಲ್ಲಿ ಕಪ್ಪು ಜನ ಬಂದು ನೆಲೆಸಕೂಡದೆಂಬ ಮಾತು 1926ರವರೆಗೂ ಉಳಿದಿತ್ತು. ಯುದ್ಧಕಾಲದಲ್ಲಿ ಹಡಗುಕಟ್ಟೆಯ ಕೆಲಸಕ್ಕೆ ಬಂದವರಿಗಾಗಿ ಕಟ್ಟಿದ ವ್ಯಾನ್‌ಪೋರ್ಟ್ ಎಂಬ ಊರು 1948ರ ಮೇ 30ರಂದು ಕೊಲಂಬಿಯಾದ ಪ್ರವಾಹದಲ್ಲಿ ಕೊಚ್ಚಿಹೋಯಿತು. ಬೇರೆಡೆ ಮನೆ ಸಿಗದ ಕಪ್ಪು ಕುಟುಂಬಗಳು ನದಿಯ ಪೂರ್ವದ ಆಲ್ಬೈನಾದಲ್ಲಿ ಸೇರಿಕೊಂಡವು. ಅಲ್ಲಿಯೂ ನೆಮ್ಮದಿ ದೊರೆಯಲಿಲ್ಲ. 1950ರ ದಶಕದ ಕೊನೆಗೆ ಕ್ರೀಡಾಂಗಣಕ್ಕಾಗಿ ನಾನೂರಕ್ಕೂ ಹೆಚ್ಚು ಮನೆಗಳು, ಅನಂತರ ಹೆದ್ದಾರಿಗಾಗಿ ಮತ್ತಷ್ಟು, 1970ರ ದಶಕದ ಆರಂಭದಲ್ಲಿ ಆಸ್ಪತ್ರೆಯ ವಿಸ್ತರಣೆಗಾಗಿ ಇನ್ನೂ ಕೆಲವು ನೂರು ನೆಲಸಮವಾದವು. ಆಸ್ಪತ್ರೆಗೆ ಕೇಂದ್ರದ ಹಣ ನಿಂತುಹೋಗಿ, ಕೆಡವಿದ ಜಾಗ ದಶಕಗಳ ಕಾಲ ಬರಿದಾಗಿಯೇ ಬಿದ್ದಿತ್ತು. ಇದೆಲ್ಲ ಗೆರೆಗಿಂತ ಮುಂಚಿನ ಮಾತು. ಆದರೆ ಮುಂದೆ ಊರ ನಡುವಿನ ವಾಸಕ್ಕೆ ಬೇಡಿಕೆ ಬಂದು ಬಾಡಿಗೆ ಏರಿದಾಗ ಮತ್ತೆ ಹೊರಟವರೂ ಅವರೇ. 2000ದಿಂದ 2010ರ ಒಳಗೆ ಆ ಭಾಗದಿಂದ ಸುಮಾರು ಹತ್ತು ಸಾವಿರ ಕಪ್ಪು ಜನ ಕಡಿಮೆಯಾದರು. ಹೀಗೆ ಹೋದವರಿಗೂ ಅವರ ಮಕ್ಕಳಿಗೂ ಅಲ್ಲಿ ಮನೆ ಕೊಡುವಾಗ ಆದ್ಯತೆ ನೀಡುವ ವ್ಯವಸ್ಥೆಯನ್ನು ನಗರಾಡಳಿತ 2015ರ ನಂತರ ಜಾರಿಗೆ ತಂದಿತು. ಚದುರಿಹೋದ ಕೇರಿಯನ್ನು ಆದ್ಯತೆಯ ಪಟ್ಟಿಯೊಂದು ಮತ್ತೆ ಕೂಡಿಸಬಲ್ಲುದೇ, ನಾನರಿಯೆ.

ಈಚೆಗೆ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ತಾಲ್ಲೂಕು ಕೇಂದ್ರದ ಹೊರಗೆ ಅವನಿಗೆ ತಂದೆಯಿಂದ ಬಂದ ಎರಡೆಕರೆ ಇದೆ. "ಸುತ್ತಮುತ್ತ ಎಲ್ಲಾರೂ ಕೊಟ್ಟಾಯ್ತು ಮೇಷ್ಟ್ರೇ. ಲೇಔಟ್‌ನೋರು ದಿನಾ ಬರ್ತಾರೆ. ನಾನೊಬ್ಬ ಇಟ್ಕೊಂಡು ಏನ್ ಮಾಡ್ಲಿ?" ಎಂದು ಕೇಳಿದ. ಮಾರಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಸುತ್ತಲೂ ಮನೆಗಳೆದ್ದ ಮೇಲೆ ನಡುವೆ ಒಬ್ಬನೇ ರಾಗಿ ಬೆಳೆಯುವುದು ಹೇಗೆಂಬುದನ್ನು ಆ ಹೈನುಗಾರ ಮ್ಯಾಕ್‌ಫರ್ಸನ್ ಐವತ್ತು ವರ್ಷಗಳ ಹಿಂದೆಯೇ ಕೇಳಿದ್ದರು. ನಮ್ಮಲ್ಲಿಯೂ ಗೆರೆಗಳಿಗೆ ಕೊರತೆಯಿಲ್ಲ. ಗ್ರಾಮಠಾಣಾ ಇದೆ, ನಕ್ಷೆಗಳಲ್ಲಿ ಹಸಿರು ವಲಯವಿದೆ. ಆದರೆ ಭೂಪರಿವರ್ತನೆಯ ಒಂದೊಂದು ಆದೇಶದಿಂದ, ಒಂದೊಂದು ಸರ್ವೆ ನಂಬರಿನಂತೆ ಗೆರೆ ಅಳಿಸುತ್ತಾ ಹೋಗುತ್ತದೆ. ಯಾರು ಯಾವಾಗ ಅಳಿಸಿದರೆಂದು ಊರಿಗೆ ತಿಳಿಯುವ ಹೊತ್ತಿಗೆ ಕೆರೆಯ ಕಾಲುವೆಯ ಮೇಲೆ ಮನೆ ಎದ್ದಿರುತ್ತದೆ. ನಿರ್ಧಾರದ ಭಾರವೆಲ್ಲ ಕೊನೆಗೆ ಉಳಿದ ಒಬ್ಬ ರೈತನ ತಲೆಯ ಮೇಲೆ ಬೀಳುತ್ತದೆ.

ಪೋರ್ಟ್‌ಲ್ಯಾಂಡ್ ಸ್ವರ್ಗವಲ್ಲ. 2020ರ ನಂತರ ಅಲ್ಲಿನ ಜನಸಂಖ್ಯೆ ಇಳಿಯಿತು. ಮನೆಯಿಲ್ಲದವರ ಡೇರೆಗಳನ್ನು ಕಾಲುದಾರಿಗಳಲ್ಲಿ ನಾನೇ ಕಂಡಿದ್ದೇನೆ. ಆದರೂ ಅಲ್ಲಿ ಒಂದು ಸಂಗತಿ ನನಗೆ ದೊಡ್ಡದೆನಿಸಿತು. ಸೆಮಿಕಂಡಕ್ಟರ್ ಉದ್ಯಮಕ್ಕಾಗಿ ಗೆರೆಯಾಚೆಯ ಭೂಮಿಯನ್ನು ನೇರವಾಗಿ ಒಳಗೆ ಸೇರಿಸುವ ಅಧಿಕಾರವನ್ನು 2023ರಲ್ಲಿ ಶಾಸನಸಭೆಯು ಗವರ್ನರರಿಗೆ ಕೊಟ್ಟಿತು. 2024ರಲ್ಲಿ ಹಿಲ್ಸ್‌ಬರೋ ಪಕ್ಕದ ಹೊಲಗಳ ಮೇಲೆ ಕಣ್ಣುಬಿತ್ತು. ಉದ್ಯೋಗ ಬೇಕೆಂದವರೂ ಹೊಲ ಬೇಕೆಂದವರೂ ಬಹಿರಂಗ ವಿಚಾರಣೆಯಲ್ಲಿ ಎದ್ದುನಿಂತು ಮಾತನಾಡಿದರು. ಕೊನೆಗೆ ಪ್ರಸ್ತಾಪವನ್ನು ಕೈಬಿಡಲಾಯಿತು. ನಾಳೆ ಬೇರೆ ತೀರ್ಮಾನವಾಗಬಹುದು. ಅದೂ ಎಲ್ಲರಿಗೂ ಗೊತ್ತಿದ್ದೇ ಆಗಬೇಕು.

ಊರು ಬೆಳೆಯುವುದು ತಪ್ಪಲ್ಲ, ಮಕ್ಕಳು ಬೆಳೆದಷ್ಟೇ ಸಹಜ. ಯಾವ ದಿಕ್ಕಿಗೆ ಬೆಳೆಯುತ್ತದೆಂಬುದು ಊರಿಗೆ ಮೊದಲೇ ಗೊತ್ತಿರಬೇಕು, ಅದರ ಬೆಲೆ ಒಬ್ಬರ ತಲೆಗೇ ಕಟ್ಟುವಂತಾಗಬಾರದು. ನಿಮ್ಮಲ್ಲಿ ಕೆಲವರು ಇಂದು ಪಂಚಾಯಿತಿಗಳಲ್ಲಿದ್ದೀರಿ, ಕೆಲವರು ಕಂದಾಯ ಇಲಾಖೆಯಲ್ಲಿದ್ದೀರಿ, ಒಬ್ಬಿಬ್ಬರು ಬಡಾವಣೆಗಳನ್ನೂ ಮಾಡುತ್ತಿದ್ದೀರಿ. ನಿಮ್ಮ ನಿಮ್ಮ ಊರಿನ ಗೆರೆ ಈಗ ಎಲ್ಲಿದೆ ಎಂದು ಒಮ್ಮೆ ನಕ್ಷೆ ಬಿಡಿಸಿ ನೋಡಿ, ನನಗೂ ಬರೆದು ತಿಳಿಸಿ. ಎರಡೆಕರೆಯ ಆ ಹುಡುಗನಿಗೆ ನಾನಿನ್ನೂ ಉತ್ತರ ಕೊಡಬೇಕಾಗಿದೆ.