ಒಂದು ಚೂರು ತೆಂಗಿನಕಾಯಿ

ಬೆಳಿಗ್ಗೆ ಏಳು ಗಂಟೆಗೆ ಅಮ್ಮ ಹೆರೆಮಣೆ ಎಳೆದುಕೊಂಡು ಕೂತರೆಂದರೆ, ಹಿತ್ತಿಲ ಬಾಗಿಲ ಹೊಸ್ತಿಲಾಚೆ ಬೊಳ್ಳಿ ಬಂದು ಕೂತಾಯಿತು. ಯಾರೂ ಕರೆಯಬೇಕಿಲ್ಲ. ಕಾಯಿಕಡಿಯೊಳಗೆ ಹೆರೆಮಣೆಯ ಹಲ್ಲು ಓಡಾಡುವ ಕರಕರ ಸದ್ದೇ ಅವಳಿಗೆ ಕರೆ. ಹೊಸ್ತಿಲು ದಾಟುವುದಿಲ್ಲ, ಬೊಗಳುವುದಿಲ್ಲ, ಕುಂಯ್ ಎನ್ನುವುದೂ ಇಲ್ಲ. ಎರಡು ಮುಂಗಾಲನ್ನೂ ಜೋಡಿಸಿ, ಕಿವಿಯನ್ನು ಹಿಂದಕ್ಕೆ ಮಲಗಿಸಿ, ಅಮ್ಮನ ಕೈಯನ್ನೇ ನೋಡುತ್ತಾಳೆ. ಕಡಿ ಅರ್ಧ ತುರಿದಾದ ಮೇಲೆ ಅಮ್ಮ ಚಾಕುವಿನ ತುದಿಯಿಂದ ಉಗುರಿನಷ್ಟು ತಿರುಳು ಎಬ್ಬಿಸಿ, ‘ಎಡ್ಡೆ’ ಎಂದು ಹೇಳಿ ಅವಳತ್ತ ಕೈ ನೀಡುತ್ತಾರೆ. ಬೊಳ್ಳಿ ಅದನ್ನು ಹಲ್ಲು ತಾಗಿಸದೆ, ತುಟಿಯಿಂದ ಎತ್ತಿಕೊಳ್ಳುತ್ತಾಳೆ. ಅಷ್ಟು ದೊಡ್ಡ ಬಾಯಿ, ಅಷ್ಟು ಸಣ್ಣ ಚೂರು! ಪ್ರತಿ ದಿನ ನೋಡುತ್ತೇನೆ, ಪ್ರತಿ ದಿನವೂ ನನಗೆ ಅದೊಂದು ಸಂಭ್ರಮ.

ಎಡ್ಡೆ ಎಂದರೆ ತುಳುವಿನಲ್ಲಿ ಒಳ್ಳೆಯದು. ನಮ್ಮ ಪರ್ಕಳದಲ್ಲಿ ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೂ ನಾಯಿಯ ಹತ್ತಿರ ಮಾತ್ರ ಎಲ್ಲರೂ ‘ಸಿಟ್’, ‘ಕಮ್’ ಅನ್ನುತ್ತಾರೆ. ಅಮ್ಮನಿಗೆ ಅದು ಬಾಯಿಗೆ ಬರಲಿಲ್ಲ. ಹಾಗಾಗಿ ಬೊಳ್ಳಿಗೆ ‘ಕುಲ್ಲು’ ಎಂದರೆ ಕೂರುವುದು, ‘ಬಲ’ ಎಂದರೆ ಬರುವುದು. ಅವಳ ಶಬ್ದಕೋಶ ಪೂರ್ತಿ ತುಳು.

ಮೂರು ವರ್ಷದ ಹಿಂದೆ, ಆಟಿ ತಿಂಗಳ ಜಡಿಮಳೆಯಲ್ಲಿ, ಕೆಳಪರ್ಕಳದ ತಿರುವಿನ ಹತ್ತಿರ ಚರಂಡಿಯ ಅಂಚಿನಲ್ಲಿ ಸಿಕ್ಕಿದವಳು. ಆಗ ಆರೇಳು ತಿಂಗಳ ಮರಿ. ಕುತ್ತಿಗೆಯಲ್ಲಿ ಕಡಿದುಹೋದ ನೈಲಾನ್ ಹಗ್ಗದ ತುಂಡು ಚರ್ಮಕ್ಕೆ ಕಚ್ಚಿಕೊಂಡಿತ್ತು. ಮನೆಗೆ ತಂದ ಮೇಲೆ ತಿಳಿದದ್ದು, ಅವಳಿಗೆ ಕೈ ಎಂದರೆ ಭಯ. ತಲೆ ಸವರಲು ಕೈ ಎತ್ತಿದರೆ ನೆಲಕ್ಕೆ ಅಂಟಿಕೊಂಡು ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು. ಹಿಡಿಸೂಡಿ ಕಂಡರೆ ಬಾವಿಕಟ್ಟೆಯ ಹಿಂದೆ ಅಡಗುತ್ತಿದ್ದಳು. ಅವಳಿಗೆ ಸೂಜಿ ಹಾಕಿದ ಪಶುವೈದ್ಯರು ಹೇಳಿದ್ದು ಒಂದೇ ಮಾತು: “ಕೂರುದು, ನಿಲ್ಲುದು ಎಲ್ಲ ಆಮೇಲೆ ಕಲಿಸಿ ಮಾರಾಯ್ರೇ. ಕೈ ಅಂದ್ರೆ ತಿಂಡಿ ಬರುವ ಜಾಗ ಅಂತ ಮೊದಲು ಗೊತ್ತಾಗಲಿ.”

ಆ ಮಾತು ನನ್ನನ್ನು ಕರಿಯನ ಹತ್ತಿರ ಕರೆದೊಯ್ದಿತು. ನನ್ನ ಬಾಲ್ಯದ ನಾಯಿ ಅದು. ಒಮ್ಮೆ ಪಕ್ಕದ ಮನೆಯ ಹೇಂಟೆಯನ್ನು ಅಟ್ಟಿಸಿಕೊಂಡು ಹೋಗಿ ಪುಕ್ಕ ಕಿತ್ತಿತ್ತು. ಅಪ್ಪ ಅಂಗಳದಲ್ಲಿ ನಿಂತು, ಬೆನ್ನ ಹಿಂದೆ ಹುಣಸೆ ಅಡರು ಹಿಡಿದು, ಸಿಹಿ ದನಿಯಲ್ಲಿ ಕರೆದರು. ಕರಿಯ ಬಾಲ ಆಡಿಸುತ್ತಾ ಬಂತು. ಬಂದ ಮೇಲೆ ಬಿದ್ದ ಏಟು ನಾನು ಎಣಿಸಲಿಲ್ಲ. ಅಪ್ಪ ಕೆಟ್ಟವರಲ್ಲ. ನಾಯಿಗೆ ಸಲಿಗೆ ಕೊಟ್ಟರೆ ಮೂತಿ ನೆಕ್ಕುತ್ತದೆ ಎಂಬ ಗಾದೆ ಕೇಳಿ ಬೆಳೆದವರು, ಅಷ್ಟೆ. ಕರಿಯ ಆಮೇಲೆಯೂ ಕೋಳಿ ಅಟ್ಟಿತು. ನಿಲ್ಲಿಸಿದ್ದು ಒಂದನ್ನೇ, ಕರೆದಾಗ ಬರುವುದನ್ನು. ಅನ್ನ ಹಾಕಿ ದೂರ ಹೋದರೆ ಮಾತ್ರ ಬಂದು ತಿನ್ನುತ್ತಿತ್ತು. ಹೊಡೆದದ್ದು ಕೋಳಿ ಹಿಡಿದದ್ದಕ್ಕೆ ಅಂತ ನಮಗೆ ಗೊತ್ತು. ಆ ನಾಯಿಯ ಲೆಕ್ಕದಲ್ಲಿ ಹೊಡೆತ ಬಿದ್ದದ್ದು ಬಂದದ್ದಕ್ಕೆ. ‘ಬಾ’ ಎಂಬ ಅಷ್ಟು ಒಳ್ಳೆಯ ಶಬ್ದ, ಒಂದೇ ಮಧ್ಯಾಹ್ನದಲ್ಲಿ ಕೆಟ್ಟುಹೋಯಿತು.

ಬೊಳ್ಳಿಗೆ ಏನು ಇಷ್ಟ ಎಂದು ಹುಡುಕಲು ಒಂದು ವಾರ ಹಿಡಿಯಿತು. ಪೇಟೆಯ ಬಿಸ್ಕೆಟ್ ಮೂಸಿ ಬಿಟ್ಟಳು. ಬೇಯಿಸಿದ ಬಂಗುಡೆಯ ಮುಳ್ಳು ತೆಗೆದು ಕೊಟ್ಟರೆ ತಿಂದಳು, ಆದರೆ ಕಿಸೆಯಲ್ಲಿ ಬಂಗುಡೆ ಇಟ್ಟುಕೊಂಡು ತಿರುಗಲು ಆಗುತ್ತದೆಯೇ? ಕೊನೆಗೆ ಅಮ್ಮನ ಹೆರೆಮಣೆಯಿಂದ ಸಿಡಿದ ಒಂದು ಚೂರು ಉತ್ತರ ಹೇಳಿತು. ಮೊದಲ ದಿನಗಳಲ್ಲಿ ನೆಲದ ಮೇಲೆ ಕೂತು, ಮುಖ ಬೇರೆ ಕಡೆ ತಿರುಗಿಸಿ, ಅಂಗೈ ಬಿಚ್ಚಿ ಇಟ್ಟುಕೊಳ್ಳುತ್ತಿದ್ದೆ. ಅವಳ ಒದ್ದೆ ಮೂಗು ಬೆರಳಿಗೆ ತಾಗಿದ್ದು ಐದನೆಯ ದಿನ. ಆಮೇಲೆ ಚೂರನ್ನು ಬೆರಳ ತುದಿಯಲ್ಲಿ ಹಿಡಿದು ಮೂಗಿನ ಹತ್ತಿರದಿಂದ ಮೆಲ್ಲಗೆ ತಲೆಯ ಮೇಲಕ್ಕೆ, ಹಿಂದಕ್ಕೆ ಒಯ್ದೆ. ಕಣ್ಣು ಚೂರಿನ ಹಿಂದೆ ಹೋಯಿತು, ಕತ್ತು ಕಣ್ಣಿನ ಹಿಂದೆ ಹೋಯಿತು, ಹಿಂಗಾಲು ತಾನಾಗಿ ಮಡಚಿತು. ಪೃಷ್ಠ ನೆಲಕ್ಕೆ ತಾಗಿದ ಕ್ಷಣಕ್ಕೇ ‘ಎಡ್ಡೆ’. ಎದ್ದಮೇಲೆ ಹೇಳಿದರೆ, ಎದ್ದದ್ದಕ್ಕೆ ಸಿಕ್ಕಿತು ಎಂದು ತಿಳಿಯುತ್ತಾಳೆ. ಚೆಂಡೆಯ ಪೆಟ್ಟು ತಾಳಕ್ಕೆ ಬೀಳುವ ಹಾಗೆ ಬೀಳಬೇಕು ಆ ಮಾತು.

ಈ ರಹಸ್ಯವನ್ನು ಚೆನ್ನಾಗಿ ಬಿಡಿಸಿ ಹೇಳಿದವರು ಅಮೆರಿಕದ ಕರೆನ್ ಪ್ರಯರ್. 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಪಾಠ ಹೇಳುತ್ತಿದ್ದವರು. ಡಾಲ್ಫಿನ್‌ಗೆ ಸರಪಳಿ ಹಾಕಲು ಬರುವುದಿಲ್ಲ, ಹೊಡೆಯಲು ಹೋದರೆ ಈಜಿ ದೂರ ಹೋಗುತ್ತದೆ. ಕೈಯಲ್ಲಿರುವುದು ಒಂದು ಬುಟ್ಟಿ ಮೀನು, ಒಂದು ಸೀಟಿ. ಸರಿಯಾಗಿ ನೆಗೆದ ಕ್ಷಣದಲ್ಲಿ ಸೀಟಿ, ಆಮೇಲೆ ಮೀನು. ಸೀಟಿ ಎಂದರೆ ‘ನೋಡಿದೆ, ಮೀನು ಬರುತ್ತದೆ’ ಎಂಬ ವಚನ. ಅವರ ಪುಸ್ತಕ 1984ರಲ್ಲಿ ಬಂದ ಮೇಲೆ ನಾಯಿ ಸಾಕುವವರೂ ಆ ದಾರಿ ಹಿಡಿದರು. ನಮ್ಮ ಮನೆಯಲ್ಲಿ ಸೀಟಿಯ ಜಾಗದಲ್ಲಿ ‘ಎಡ್ಡೆ’ ಇದೆ.

ಗೇಟಿನ ಹತ್ತಿರ ನಿಂತು ನೋಡಿದ ನೆರೆಮನೆಯ ಅಣ್ಣ ಕೇಳಿದರು, “ಎಂತ ಮಾರಾಯ್ರೇ, ನಾಯಿಗೂ ಲಂಚವಾ?” ಲಂಚ ಕೆಲಸಕ್ಕೆ ಮೊದಲು ಕೊಡುವುದು. ಇದು ಕೆಲಸವಾದ ಮೇಲೆ ಕೊಡುವುದು. ಇದಕ್ಕೆ ಕನ್ನಡದಲ್ಲಿ ‘ಮೆಚ್ಚುಗೆ’ ಎಂಬ ಹಳೆಯ, ತುಂಬಾ ಚಂದದ ಶಬ್ದವಿದೆ. ಮೆಚ್ಚಿ ಕೊಡುವುದು ಎಂದಾಗಲೆಲ್ಲ ನನಗೆ ಆತಕೂರಿನ ಕಲ್ಲು ನೆನಪಾಗುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರು. ಹತ್ತನೆಯ ಶತಮಾನದ ನಡುವೆ, ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಕಡೆಯ ವೀರ ಮಣಲೆರ ಮೆರೆದಾಗ, ಮೆಚ್ಚಿದ ಒಡೆಯ ಏನು ಬೇಕೋ ಬೇಡು ಎಂದನಂತೆ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಮುಂದೆ ಕಾಳಿ ಒಂದು ಕಾಡುಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ಕಾಳಿಗಾಗಿ ನಿಲ್ಲಿಸಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಅದರ ಕೆತ್ತನೆಯಲ್ಲಿ ನಾಯಿಯೂ ಹಂದಿಯೂ ಎದುರುಬದುರಾಗಿ ಇವೆ. ಸಾವಿರ ವರ್ಷ ದಾಟಿದರೂ ನಾವು ಕಾಳಿಯ ಹೆಸರು ಓದಬಹುದು. ಒಂದು ನಾಯಿಯನ್ನು ಅಷ್ಟು ಮೆಚ್ಚಿದ ಜನ ನಮ್ಮವರೇ.

ಬೊಳ್ಳಿಗೆ ಕೊನೆಗೆ ಉಳಿದದ್ದು ಬಸ್ಸಿನ ಹಾರ್ನಿನ ಭಯ. ಮಲ್ಪೆಯಿಂದ ತೀರ್ಥಹಳ್ಳಿಗೆ ಹೋಗುವ 169ಎ ಹೆದ್ದಾರಿ ನಮ್ಮ ಊರಿನ ನಡುವೆಯೇ ಹಾದುಹೋಗುತ್ತದೆ. ಹಿರಿಯಡ್ಕ, ಹೆಬ್ರಿ, ಕಾರ್ಕಳ ಎಂದು ಕೂಗುವ ಬಸ್ಸುಗಳು ತಿರುವಿನಲ್ಲಿ ಒಂದರ ಹಿಂದೆ ಒಂದು ಹಾರ್ನ್ ಹೊಡೆದರೆ ಅವಳ ಮೈಯೆಲ್ಲ ನಡುಗುತ್ತಿತ್ತು. ವಿಜ್ಞಾನಿ ಪಾವ್ಲೊವ್‌ನ ನಾಯಿಗಳು ಅನ್ನ ತರುವವರನ್ನು ಕಂಡೇ ಜೊಲ್ಲು ಸುರಿಸುತ್ತಿದ್ದವು. ಬೊಳ್ಳಿಗೆ ಹೆರೆಮಣೆಯ ಸದ್ದು ಹಾಗೆ. ಹಾಗಾದರೆ ಹಾರ್ನಿನ ಸದ್ದೂ ಯಾಕೆ ಆಗಬಾರದು? ಅಂಗಳದ ತುದಿಯಲ್ಲಿ, ಸದ್ದು ಸಣ್ಣಗೆ ಕೇಳುವಲ್ಲಿ ಕೂತೆವು. ದೂರದ ಒಂದು ಹಾರ್ನ್, ‘ಎಡ್ಡೆ’, ಒಂದು ಚೂರು. ಇನ್ನೊಂದು ಹಾರ್ನ್, ಇನ್ನೊಂದು ಚೂರು. ಹೆದರಿ ಚೂರು ಮುಟ್ಟದಿದ್ದ ದಿನ ಎರಡು ಹೆಜ್ಜೆ ಹಿಂದೆ ಬಂದೆವು. ಮುರಕಲ್ಲಿನ ಪಾಗಾರದ ತನಕ ಹೋಗಲು ಒಂದು ತಿಂಗಳು, ಗೇಟಿನಾಚೆಗೆ ಇನ್ನೊಂದು ತಿಂಗಳು. ದೀಪಾವಳಿಯ ಪಟಾಕಿ ಎಲ್ಲವನ್ನೂ ಕೆಡಿಸಿತು, ಮತ್ತೆ ಅಂಗಳದ ತುದಿಯಿಂದಲೇ ಶುರುಮಾಡಬೇಕಾಯಿತು.

ಈಗ ಅವಳು ನನ್ನ ಜೊತೆ ಬಸ್‌ಸ್ಟ್ಯಾಂಡಿನವರೆಗೆ ಬರುತ್ತಾಳೆ. ನನ್ನ ಶರ್ಟಿನ ಕಿಸೆಗಳಿಗೆಲ್ಲ ಎಣ್ಣೆಯ ಕಲೆ. ಒಗೆಯುವಾಗ ಅಮ್ಮ ಗೊಣಗುತ್ತಾರೆ, ಮರುದಿನ ತಾವೇ ಚೂರು ಹೆಚ್ಚಿ ಸಣ್ಣ ಕರಡಿಗೆಯಲ್ಲಿ ಹಾಕಿಡುತ್ತಾರೆ. ನಿನ್ನೆ ಆ ಕರಡಿಗೆ ಮರೆತು ಹೋಗಿದ್ದೆ. ಅಂಗಡಿಯ ಮುಂದೆ ನಿಂತಿದ್ದಾಗ ಹೆಬ್ರಿಯ ಬಸ್ಸು ಬೆನ್ನ ಹಿಂದೆಯೇ ಹಾರ್ನ್ ಹೊಡೆಯಿತು. ಬೊಳ್ಳಿ ನಡುಗಲಿಲ್ಲ. ತಿರುಗಿ, ಕೂತು, ನನ್ನ ಮುಖ ನೋಡಿದಳು. ನನ್ನ ಬಾಯಿಂದ ‘ಎಡ್ಡೆ’ ಬಂದುಬಿಟ್ಟಿತು. ಕಿಸೆಗೆ ಕೈ ಹಾಕಿದರೆ ಬರಿದು.

ಅಂಗಡಿಯಲ್ಲಿ ಒಂದು ತೆಂಗಿನಕಾಯಿ ಕೊಂಡೆ. ಅವರದೇ ಕತ್ತಿ ಕೇಳಿ ಅಲ್ಲೇ ಒಡೆದು, ತುದಿಯಿಂದ ಉಗುರಿನಷ್ಟು ಎಬ್ಬಿಸಿದೆ.

“ಎಂತ ಮಾರಾಯ್ರೇ, ಇಡೀ ಕಾಯಿ ಒಡೆದದ್ದು ಇಷ್ಟಕ್ಕೆಯಾ?” ಎಂದರು ಅಂಗಡಿಯವರು.

“ಹೌದು, ಅವಳಿಗೆ ಹೇಳಿಬಿಟ್ಟಿದ್ದೆ” ಎಂದೆ. ಬೊಳ್ಳಿ ಆ ಚೂರನ್ನು ತುಟಿಯಿಂದ ಎತ್ತಿಕೊಂಡಳು.