ಒಂದು ವಿವಾಹಪತ್ರದ ಪ್ರವಾಸ

ನಮ್ಮ ಧಾರವಾಡದ ಕಡೆಯಲ್ಲಿ ಒಂದು ಮದುವೆ ನಡೆಯಿತೆಂಬುದಕ್ಕೆ ಸಾಕ್ಷಿಗಳ ಕೊರತೆ ಎಂದೂ ಬಿದ್ದುದಿಲ್ಲ. ಓಣಿಯವರೆಲ್ಲ ಅಕ್ಷತೆ ಹಾಕಿರುತ್ತಾರೆ. ಬೀಗರೂ ಬಿಜ್ಜರೂ ಊಟ ಮಾಡಿರುತ್ತಾರೆ. ಕರೆಯಲಿಲ್ಲವೆಂದು ಮುನಿಸಿಕೊಂಡವರಂತೂ ಆ ಮದುವೆಯನ್ನು ಇಪ್ಪತ್ತು ವರ್ಷ ನೆನಪಿನಲ್ಲಿಟ್ಟಿರುತ್ತಾರೆ. ಆದರೆ ಇವರಲ್ಲಿ ಒಬ್ಬರ ಮಾತೂ ಸಮುದ್ರದಾಚೆ ನಡೆಯುವದಿಲ್ಲ. ಅಲ್ಲಿ ನಡೆಯುವದು ಕಾಗದ, ಮತ್ತು ಆ ಕಾಗದದ ಬೆನ್ನಿಗಿರುವ ಮುದ್ರೆ. ಇದನ್ನು ನಾನು ಕಲಿತದ್ದು ನನ್ನ ಅಣ್ಣನ ಮಗಳ ವಿವಾಹಪತ್ರವನ್ನು ಹಿಡಿದುಕೊಂಡು ಮಾಡಿದ ಪ್ರವಾಸದಲ್ಲಿ. ಇಂಥ ಪ್ರಸಂಗವು ಈಗ ಅನೇಕ ಮನೆಗಳಿಗೆ ಬರುತ್ತಿರುವದರಿಂದ ಅದರ ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ.

ಮದುವೆ ಹುಬ್ಬಳ್ಳಿಯಲ್ಲಿ ಆಯಿತು. ವರನು ಡಚ್ಚರ ನಾಡಾದ ನೆದರ್‌ಲ್ಯಾಂಡ್ಸಿನಲ್ಲಿ ಉದ್ಯೋಗದಲ್ಲಿರುವವನು. ಮೂರು ವಾರದ ರಜೆಯ ಮೇಲೆ ಬಂದಿದ್ದನು. ಹೆಂಡತಿಯನ್ನು ಅಲ್ಲಿಗೆ ಕರೆಯಿಸಿಕೊಳ್ಳಬೇಕಾದರೆ ಸರಕಾರದ ವಿವಾಹಪತ್ರ ಬೇಕು, ಅದಕ್ಕೆ ‘ಅಪೊಸ್ಟಿಲ್’ ಎಂಬ ಮುದ್ರೆಯೂ ಆಗಿರಬೇಕು ಎಂದು ಅವನು ಹೇಳಿದನು. ಪತ್ರಕ್ಕಾಗಿ ಗಂಡಹೆಂಡಿರಿಬ್ಬರೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ರುಜು ಹಾಕಬೇಕಾಗಿತ್ತು. ರಜೆಯಲ್ಲಿ ಉಳಿದದ್ದು ಐದೇ ದಿನ.

ಅಣ್ಣನೂ ನಾನೂ ಧಾರವಾಡದ ಜ್ಯುಬಿಲಿ ವೃತ್ತದಲ್ಲಿ ‘ಚಿಗರಿ’ ಬಸ್ಸನ್ನು ಹತ್ತಿದೆವು. 2018ರಿಂದ ಓಡುತ್ತಿರುವ ಈ ಬಸ್ಸುಗಳಿಗೆ ರಸ್ತೆಯ ನಟ್ಟನಡುವೆ ಬೇರೆಯೇ ದಾರಿ, ಬೇರೆಯೇ ನಿಲ್ದಾಣಗಳಿವೆ. ಎರಡೂ ಊರುಗಳು 1962ರಿಂದ ಒಂದೇ ಪಾಲಿಕೆಯ ಕೆಳಗಿವೆ. ನಡುವಿನ ದಾರಿ 20 ಕಿಲೋಮೀಟರಿನಷ್ಟು. ಆದರೂ ಧಾರವಾಡದವನು ಹುಬ್ಬಳ್ಳಿಗೆ ಹೊರಟರೆ ಪರಊರಿಗೆ ಹೊರಟವನಂತೆಯೇ ಮನೆಯಲ್ಲಿ ಹೇಳಿ ಹೊರಡುತ್ತಾನೆ. ನವಲೂರು ಬಂದಿತೆಂದರೆ ಪೇರಲ ಹಣ್ಣಿನ ನೆನಪು. ನವನಗರ ದಾಟಿದರೆ ಉಣಕಲ್ಲಿನ ಕೆರೆಯ ಗಾಳಿ. ಅಲ್ಲಿಯ ಚಂದ್ರಮೌಳೇಶ್ವರ ದೇವಾಲಯವು ಚಾಲುಕ್ಯರ ಕಾಲದ್ದು. ಆ ಗುಡಿಯನ್ನು ಕಟ್ಟಿದ ದಿನದಿಂದ ಈ ಊರಲ್ಲಿ ಎಷ್ಟು ಮದುವೆಗಳಾದವೋ! ಒಂದಕ್ಕಾದರೂ ಕಾಗದವಿದ್ದಿತೇ ಎಂದು ಅಣ್ಣನು ನಕ್ಕನು.

ಅವನ ಮಾತು ಸುಳ್ಳಲ್ಲ. ನನ್ನ ಮದುವೆಯೂ ದಾಖಲಾಗಿಲ್ಲ. ಹಿಂದೂ ವಿವಾಹ ಕಾಯಿದೆ 1955ರಲ್ಲಿಯೇ ನೋಂದಣಿಗೆ ಎಡೆ ಮಾಡಿಕೊಟ್ಟಿತ್ತು; ಕರ್ನಾಟಕದ ವಿವಾಹ ನೋಂದಣಿ ಕಾಯಿದೆ 1976ರದು. ಆದರೂ ಅದು ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಹೇಳಿದ ಮೇಲೆಯೇ ಜನರು ಅದರ ಕಡೆಗೆ ಲಕ್ಷ್ಯಗೊಟ್ಟರು.

ಕಚೇರಿಯಲ್ಲಿ ಲಗ್ನಪತ್ರಿಕೆ, ಮದುವೆಯ ಭಾವಚಿತ್ರ, ವಯಸ್ಸಿನ ಮತ್ತು ವಿಳಾಸದ ದಾಖಲೆಗಳನ್ನು ಒಪ್ಪಿಸಿದೆವು. ಸಾಕ್ಷಿ ಹಾಕಲು ನಾನೂ ಹುಡುಗಿಯ ಅತ್ತೆಯವರೂ ಇನ್ನೊಬ್ಬ ನೆಂಟರೂ ಇದ್ದೆವು. ಅರ್ಜಿಯಲ್ಲಿ ‘ವಧುವಿನ ಹೆಸರು’ ಎಂಬಲ್ಲಿಗೆ ಬಂದಾಗ ಅಳಿಯನ ಕೈ ನಿಂತಿತು.

ನಮ್ಮ ಕಡೆಯ ಅನೇಕ ಮನೆತನಗಳಲ್ಲಿ ಸೊಸೆಗೆ ಹೊಸ ಹೆಸರಿಡುವ ರೂಢಿ ವಾಚಕರಿಗೆ ಗೊತ್ತೇ ಇದೆ. ತಟ್ಟೆಯಲ್ಲಿ ಅಕ್ಕಿ ಹರಡಿ, ವರನು ಉಂಗುರದಿಂದ ಹೆಸರನ್ನು ಬರೆಯುತ್ತಾನೆ. ನಮ್ಮ ಹುಡುಗಿಗೂ ಹಾಗೆ ಬರೆದಿದ್ದರು. ಅದು ಬೀಗತಿಯವರ ಅತ್ತೆಯ ಹೆಸರು, ಪ್ರೀತಿಯಿಂದ ಆರಿಸಿದ್ದು. ಆದರೆ ಪಾಸ್‌ಪೋರ್ಟಿನಲ್ಲಿಯೂ ಪದವಿಪತ್ರದಲ್ಲಿಯೂ ತಾಯಿ ಇಟ್ಟ ಹೆಸರೇ ಇತ್ತು. ಆ ತಾಯಿ, ನನ್ನ ಅತ್ತಿಗೆ, ತೀರಿಕೊಂಡು ಆರು ವರ್ಷಗಳಾಗಿದ್ದವು. ಹುಡುಗಿಯು ಅತ್ತೆಯ ಮುಖವನ್ನು ನೋಡಿದಳು, ಮಾತಾಡಲಿಲ್ಲ. ಅಣ್ಣನು ಕಿಟಕಿಯ ಹೊರಗೆ ನೋಡುತ್ತ ನಿಂತನು.

ವಯಸ್ಸಾದ ಕಾರಕೂನರೊಬ್ಬರು ಇದನ್ನು ಕಂಡು, “ಪಾಸ್‌ಪೋರ್ಟಿನಾಗ ಹ್ಯಾಂಗದನೋ ಹಾಂಗ ಬರೀರಿ. ಇಲ್ಲಿ ತಪ್ಪಿದ ಅಕ್ಷರಾನ್ನ ಮುಂದಿನ ಯಾವ ಮುದ್ರಿನೂ ತಿದ್ದೂದಿಲ್ಲ,” ಎಂದರು.

ಆಗ ಬೀಗತಿಯವರು ಸೊಸೆಯ ಬೆನ್ನ ಮೇಲೆ ಕೈಯಿಟ್ಟು ಹೇಳಿದರು: “ಅಕ್ಕ್ಯಾಗ ಬರದದ್ದು ನಮ್ಮ ಮನ್ಯಾಗ ಇರಲಿ, ಯವ್ವಾ. ಕಾಗದದಾಗ ನಿಮ್ಮವ್ವ ಇಟ್ಟ ಹೆಸರೇ ಬರಸು. ಅಷ್ಟು ದೂರ ಹೋಗಾಕಿ ನೀ. ಅದು ನಿನ್ನ ಸಂಗಡ ಬರಲಿ.”

ಹುಡುಗಿಯ ಕಣ್ಣಲ್ಲಿ ನೀರು ಬಂದಿತು. ಅಳಿಯನು ಬರೆದನು. ನಾವು ಸಾಕ್ಷಿ ಹಾಕಿದೆವು.

ಅಳಿಯನು ವಿಮಾನವೇರಿದ ಮೇಲೆ ಉಳಿದ ಕೆಲಸ ನಮ್ಮ ಪಾಲಿಗೆ ಬಂದಿತು. ಅಣ್ಣನಿಗೆ ಪ್ರಕೃತಿ ನೆಟ್ಟಗಿಲ್ಲದ್ದರಿಂದ ಹುಡುಗಿಯೊಡನೆ ನಾನೇ ಬೆಂಗಳೂರಿಗೆ ಹೊರಟೆನು. ಅವಳು ಹುಬ್ಬಳ್ಳಿಯ ಅತ್ತೆಯ ಮನೆಯಲ್ಲಿದ್ದುದರಿಂದ ಅಲ್ಲಿಂದಲೇ ರಾಣಿ ಚೆನ್ನಮ್ಮ ಗಾಡಿಯನ್ನು ಹಿಡಿದೆವು. ಶ್ರೀ ಸಿದ್ಧಾರೂಢ ಸ್ವಾಮಿಗಳ ಹೆಸರಿನ ಆ ನಿಲ್ದಾಣದಲ್ಲಿ 2023ರಲ್ಲಿ ತೆರೆದ ಫಲಾಟು 1507 ಮೀಟರು ಉದ್ದವಾಗಿದೆ. ಜಗತ್ತಿನಲ್ಲಿಯೇ ಅತಿ ಉದ್ದವಾದದ್ದೆಂದು ಖ್ಯಾತಿ ಪಡೆದಿದೆ. ಹುಡುಗಿಯು ರಾತ್ರಿಯೆಲ್ಲ ಕಾಗದದ ಚೀಲವನ್ನು ತಲೆಯ ಕೆಳಗಿಟ್ಟುಕೊಂಡೇ ಮಲಗಿದಳು.

ಬೆಂಗಳೂರಿನಲ್ಲಿ ನಾನು ತಿಳಿದುಕೊಂಡ ಕ್ರಮವು ಹೀಗಿದೆ. ವಿವಾಹಪತ್ರವನ್ನು ಮೊದಲು ಅದು ಹುಟ್ಟಿದ ರಾಜ್ಯದ ಸರಕಾರವು ದೃಢೀಕರಿಸಬೇಕು. ಗೃಹಖಾತೆ ಇಲ್ಲವೆ ಸಾಮಾನ್ಯ ಆಡಳಿತ ಖಾತೆಯು ಈ ಕೆಲಸವನ್ನು ಮಾಡುವದು. ಆಮೇಲೆ ಕೇಂದ್ರ ಸರಕಾರದ ವಿದೇಶಾಂಗ ಖಾತೆಯ ಸರದಿ. ಮೊದಲು ಎಲ್ಲರೂ ದಿಲ್ಲಿಯ ಕಡೆಗೆ ನೋಡಬೇಕಾಗಿತ್ತು. 2019ರಿಂದ ಬೆಂಗಳೂರು ಮೊದಲಾದ ಊರುಗಳಲ್ಲಿಯೂ ಅದು ಆಗುತ್ತದೆ. ನಾವೇ ಹೋಗಿ ಕೊಡುವಂತಿಲ್ಲ. ಖಾತೆಯು ಗೊತ್ತುಮಾಡಿದ ಸಂಸ್ಥೆಗಳ ಮುಖಾಂತರವೇ ಕೊಡಬೇಕು. ಅಪೊಸ್ಟಿಲಿನ ಸರಕಾರಿ ಶುಲ್ಕ ಕಾಗದವೊಂದಕ್ಕೆ 50 ರೂಪಾಯಿ. ಸಂಸ್ಥೆಯ ಕೂಲಿ ಬೇರೆ.

ಈ ಅಪೊಸ್ಟಿಲಿನ ಮೂಲವು ಡಚ್ಚರ ಹೇಗ್ ಪಟ್ಟಣದಲ್ಲಿ 1961ರ ಅಕ್ಟೋಬರ 5ರಂದು ಆದ ಒಪ್ಪಂದದಲ್ಲಿದೆ. ಭಾರತದ ಮಟ್ಟಿಗೆ ಅದು ಜಾರಿಗೆ ಬಂದದ್ದು 2005ರಲ್ಲಿ. ಒಂದು ಚೌಕು, ಅದರಲ್ಲಿ ಅಂಕೆ ಹಾಕಿದ ಹತ್ತು ಸಾಲುಗಳು. ರುಜು ಮಾಡಿದವರಾರು, ಯಾವ ಅಧಿಕಾರದಿಂದ ಮಾಡಿದರು, ಮುದ್ರೆ ಯಾರದು, ಇಷ್ಟನ್ನೇ ಅದು ಹೇಳುತ್ತದೆ. ಮದುವೆಯಾಯಿತೆಂದಾಗಲಿ, ಹೆಸರು ಸರಿಯೆಂದಾಗಲಿ ಅದು ಹೇಳುವದಿಲ್ಲ. ಉಪನೋಂದಣಾಧಿಕಾರಿಯ ರುಜುವನ್ನು ರಾಜ್ಯವು ಬಲ್ಲದು. ರಾಜ್ಯದ ರುಜುವನ್ನು ಕೇಂದ್ರವು ಬಲ್ಲದು. ಕೇಂದ್ರದ ಮುದ್ರೆಯನ್ನು ಡಚ್ಚರು ಬಲ್ಲರು. ಹುಡುಗಿಯನ್ನು ಬಲ್ಲವರು ಹುಬ್ಬಳ್ಳಿಯ ಆ ಮೇಜಿನ ಮುಂದೆ ನಿಂತ ನಾವು ಮಾತ್ರ. ಕಾರಕೂನರ ಮಾತಿನ ಬೆಲೆ ನನಗೆ ಆಗ ತಿಳಿಯಿತು.

ಎಲ್ಲ ದೇಶಗಳಿಗೂ ಈ ಚೌಕು ಸಲ್ಲುವದಿಲ್ಲವೆಂಬುದನ್ನೂ ವಾಚಕರು ಲಕ್ಷ್ಯದಲ್ಲಿಡಬೇಕು. ದುಬೈಗೆ ಹೋಗುವವರ ಕಾಗದಕ್ಕೆ ವಿದೇಶಾಂಗ ಖಾತೆಯ ದೃಢೀಕರಣವಾದ ಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಜರ್ಮನಿಯು ಭಾರತದ ಸೇರ್ಪಡೆಗೆ ತಕರಾರು ಎತ್ತಿದ್ದರಿಂದ ಅಲ್ಲಿಗೆ ಬೇರೆ ಪರಿಶೀಲನೆ ನಡೆಯುತ್ತದೆ. ಕೆನಡಾದಲ್ಲಿ ಈ ಒಪ್ಪಂದವು 2024ರಿಂದ ಜಾರಿಗೆ ಬಂದಿದೆ. ಆದ್ದರಿಂದ ಹೊರಡುವ ಮುಂಚೆಯೇ ಹೋಗುವ ದೇಶದ ನಿಯಮವನ್ನು ಕೇಳಿಕೊಳ್ಳಬೇಕು. ಪತ್ರವು ಕನ್ನಡದಲ್ಲಿ ಮಾತ್ರ ಇದ್ದರೆ ಅನುವಾದದ ವಿಚಾರವನ್ನೂ ಮಾಡಬೇಕು. ಎಲ್ಲಕ್ಕಿಂತ ಮೊದಲು, ವಧೂವರರಿಬ್ಬರೂ ಊರಲ್ಲಿರುವಾಗಲೇ ನೋಂದಣಿಯನ್ನು ಮುಗಿಸಿಕೊಳ್ಳಬೇಕು. ಹೆಸರನ್ನು ಪಾಸ್‌ಪೋರ್ಟಿನೊಡನೆ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು. 2024ರಿಂದ ನಮ್ಮ ರಾಜ್ಯದಲ್ಲಿ ಅರ್ಜಿಯನ್ನು ಮನೆಯಲ್ಲಿಯೇ ಕುಳಿತು ಗಣಕಯಂತ್ರದ ಮೇಲೆ ತುಂಬುವ ಅನುಕೂಲವೂ ಆಗಿದೆ. ತಪ್ಪು ಬರೆಯುವ ಕೈ ಮಾತ್ರ ನಮ್ಮದೇ.

ಹುಡುಗಿಯು ಈಗ ಗಂಡನ ಬಳಿಯಲ್ಲಿದ್ದಾಳೆ. ಅಲ್ಲಿಯ ಪುರಸಭೆಯ ಕಚೇರಿಯಲ್ಲಿ ಕಾಗದವನ್ನು ಕೊಟ್ಟಾಗ ಅವರು ಮೊದಲು ಬೆನ್ನ ಕಡೆಗೆ ತಿರುಗಿಸಿ ಚೌಕನ್ನು ನೋಡಿದರಂತೆ. ಆಮೇಲೆ ಮುಂದಿನ ಪುಟವನ್ನು ನೋಡಿ ಅವಳ ಹೆಸರನ್ನು ಮೆಲ್ಲಗೆ ಓದಿ, ಸರಿಯಾಗಿ ಅಂದೆನೇ ಎಂದು ಕೇಳಿದರಂತೆ. ಅವಳು ಇದನ್ನು ಮೊದಲು ತಿಳಿಸಿದ್ದು ಅತ್ತೆಗೆ. ಆಕೆ ಪ್ರತಿ ರವಿವಾರ ಹುಬ್ಬಳ್ಳಿಯಿಂದ ಫೋನು ಮಾಡಿ, ಅಕ್ಕಿಯಲ್ಲಿ ಬರೆದ ಹೆಸರಿನಿಂದಲೇ ಸೊಸೆಯನ್ನು ಕರೆಯುತ್ತಾರೆ.